ಮೆಕ್ಸಿಕೋದವನಿಗೆ ಕನ್ನಡ ಬರುತ್ತಿತ್ತು

ಪೂರಿಗಾಲಿ
ಭಾನುವಾರ, 19 ಜನವರಿ 2025

ತಂಗಿ ಭಾಗ್ಯಲಕ್ಷ್ಮಿಗೆ,

ಆಶೀರ್ವಾದ ಎಂದು ಬರೆಯಲು ಹೋಗಿ ಕೈ ತಡೆಯಿತು. ಯಾಕೆಂದು ಓದುತ್ತಾ ಹೋದಂತೆ ನಿನಗೇ ಗೊತ್ತಾಗುತ್ತದೆ.

ಇವತ್ತು ನಾನು ಬರಲಿಲ್ಲವೆಂದು ಮಾದೇವನಿಗೆ ಸ್ನಾನ ಮಾಡಿಸಲು ನೀನೊಬ್ಬಳೇ ಒದ್ದಾಡಿರುತ್ತೀಯ. ಮಳವಳ್ಳಿ ಬಸ್ ಸ್ಟ್ಯಾಂಡಿನವರೆಗೂ ಬಂದಿದ್ದೆ. ಕೊತ್ತತ್ತಿಗೆಂದು ಮಂಡ್ಯದ ಬಸ್ಸು ಹತ್ತಿ ಕೂತೂ ಆಗಿತ್ತು. ಕಂಡಕ್ಟರು ಟಿಕೆಟ್ ಕೇಳುವ ಹೊತ್ತಿಗೆ ಎದ್ದು ಇಳಿದುಬಿಟ್ಟೆ. ಮನೆಗೆ ಬಂದು ನಿನ್ನ ಅತ್ತಿಗೆ ಮೀನಾಕ್ಷಿಗೆ ಮೈ ಸರಿಯಿಲ್ಲವೆಂದು ಹೇಳಿ, ಒಳಗೆ ಕೂತು ಇದನ್ನು ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ನೀನು ಅತ್ತರೆ ನಾನು ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆ.

ಬುಧವಾರ ನೀನು ಫೋನು ಮಾಡಿ, ಮಗಳು ಹೇಮಶ್ರೀ ಮದುವೆಗೆ ಮದ್ದೂರಿನ ಛತ್ರ ಗೊತ್ತಾಯಿತು ಎಂದೆ. ಆಮೇಲೆ ಹೇಳಿದೆ: "ಅಣ್ಣಯ್ಯ, ನೀನೂ ಅತ್ತಿಗೇನೂ ಕೂತ್ಕಂಡು ಧಾರೆ ಎರ್ಕೊಡ್ಬೇಕು ಕಣಪ್ಪ. ಇವ್ರ ಕೈಲಿ ಕೂರಕ್ಕೂ ಆಗಲ್ಲ. ಅಪ್ಪನ ಜಾಗದಲ್ಲಿ ನಿಂತು ಸಾಕ್ದೋನು ನೀನೇ ತಾನೆ." ನಾನು ಹೂಂ ಅಂದೆ. ಅವತ್ತಿನಿಂದ ನನಗೆ ಊಟ ಸೇರುತ್ತಿಲ್ಲ. ಆ ಹುಡುಗಿಯ ಕೈಯನ್ನು ನಾನು ಹಿಡಿದು ಇನ್ನೊಬ್ಬನ ಕೈಗೆ ಕೊಡುವಂತಿಲ್ಲ ಭಾಗ್ಯ. ಅವಳ ಅಪ್ಪ ಮಾದೇವನನ್ನು ಹಾಸಿಗೆಗೆ ಹಾಕಿದ ಆ ಮೆಕ್ಸಿಕೋದವನು ನಾನೇ.

ಇಲ್ಲಿಗೆ ನಿಲ್ಲಿಸಬೇಡ. ಪೂರ್ತಿ ಓದು.

ನಾನೂ ಮಾದೇವನೂ ಒಂದೇ ಗರಡಿಯಲ್ಲಿ ಮಣ್ಣು ಹೊತ್ತವರು. ಅವನು ಕೊತ್ತತ್ತಿಯವನಾದರೂ ಬೆಳೆದದ್ದು ನಮ್ಮೂರಿನ ಅವನ ಅಜ್ಜಿ ಮನೆಯಲ್ಲಿ. ಉಸ್ತಾದ್ ಸಣ್ಣಯ್ಯನವರು ನಮ್ಮಿಬ್ಬರನ್ನೇ ಜೋಡಿ ಬಿಡುತ್ತಿದ್ದರು. ಹತ್ತು ಸಲ ಹಿಡಿದರೆ ಏಳು ಸಲ ಅವನೇ ನನ್ನನ್ನು ಚಿತ್ ಮಾಡುತ್ತಿದ್ದ. ನಿನ್ನನ್ನು ಅವನಿಗೆ ಕೊಟ್ಟಾಗ ಊರಿನಲ್ಲಿ ನನಗಿಂತ ಖುಷಿಪಟ್ಟವರು ಯಾರೂ ಇರಲಿಲ್ಲ. ಅವನು ಜಮೀನು ನೋಡಿಕೊಳ್ಳಲು ಕೊತ್ತತ್ತಿಗೆ ಹೋದ. ನನಗೆ ಕುಸ್ತಿ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಪುಣೆಯಲ್ಲಿ ಸೆಕ್ಯುರಿಟಿ ಕೆಲಸ ಎಂದು ನಿಮಗೆಲ್ಲ ಹೇಳಿ ನಾನು ಸೇರಿಕೊಂಡದ್ದು ಒಂದು ಕುಸ್ತಿ ಕಂಪನಿಗೆ. ಟಿ.ವಿಯಲ್ಲಿ ಬರುತ್ತದಲ್ಲ, ಹಗ್ಗ ಕಟ್ಟಿದ ರಿಂಗಿನೊಳಗೆ ಎತ್ತಿ ಎತ್ತಿ ಹಾಕುವುದು, ಅಂಥದ್ದು. ಊರೂರಿನ ಮೈದಾನದಲ್ಲಿ ಆಟ. ಯಾರು ಗೆಲ್ಲಬೇಕೆಂದು ಯಜಮಾನ ಮೊದಲೇ ಹೇಳಿರುತ್ತಿದ್ದ. ಅಂಥ ಕುಸ್ತಿಯ ಹೆಸರೆತ್ತಿದರೆ ಸಣ್ಣಯ್ಯನವರು ಉಗಿಯುತ್ತಿದ್ದರು. ಅದಕ್ಕೇ ನಿಮ್ಮ ಹತ್ತಿರ ಮುಚ್ಚಿಟ್ಟೆ.

ಆ ಕಂಪನಿಯಲ್ಲಿ ಒಬ್ಬ ನಿಜವಾದ ಮೆಕ್ಸಿಕೋದವನು ಇದ್ದ. ಹೆಸರು ರಮೀರೋ. ಪೋಸ್ಟರಿನಲ್ಲಿ 'ಎಲ್ ಕಾರ್ದೋನ್' ಎಂದು ಹಾಕುತ್ತಿದ್ದರು. ಅವನ ಭಾಷೆಯಲ್ಲಿ ಹಾಗೆಂದರೆ ಆಳೆತ್ತರದ ಒಂದು ಕಳ್ಳಿಗಿಡವಂತೆ. ಹಸಿರು ಬಟ್ಟೆಯ ಮುಖವಾಡ, ಅದರ ತುಂಬ ಬಿಳಿ ದಾರದ ಮುಳ್ಳು. ಹದಿನೇಳನೇ ವಯಸ್ಸಿಗೆ ಅವನು ರಿಂಗಿಗೆ ಇಳಿದಾಗ ಅವನ ತಾಯಿ ಹೊಲಿದುಕೊಟ್ಟದ್ದು. ಹರಿದಾಗಲೆಲ್ಲ ಅದನ್ನೇ ನೋಡಿಕೊಂಡು ಹೊಸದು ಹೊಲಿಸುತ್ತಿದ್ದ. ಅವರ ದೇಶದಲ್ಲಿ ಮುಖವಾಡದ ಪೈಲ್ವಾನನ ಮುಖವನ್ನು ಹೆಂಡತಿ ಮಕ್ಕಳಲ್ಲದೆ ಬೇರೆಯವರು ನೋಡುವಂತಿಲ್ಲವಂತೆ. ಪಣದ ಕುಸ್ತಿಯಲ್ಲಿ ಸೋತರೆ ಎಲ್ಲರೆದುರು ಅದನ್ನು ತೆಗೆದು ತನ್ನ ಹುಟ್ಟುಹೆಸರು ಹೇಳಬೇಕು. ಅಲ್ಲಿಗೆ ಅವನ ಕಥೆ ಮುಗಿದಂತೆ. ರಮೀರೋ ಮೂವತ್ತು ವರ್ಷ ಅದನ್ನು ಉಳಿಸಿಕೊಂಡಿದ್ದ. ದೊಡ್ಡ ದೊಡ್ಡ ಊರುಗಳಲ್ಲಿ ಅವನ ಹೆಸರು ಕೂಗುತ್ತಿದ್ದರಂತೆ. ಆಮೇಲೆ ಮಂಡಿಚಿಪ್ಪು ಹೋಯಿತು, ಹೊಸ ಹುಡುಗರು ಬಂದರು, ಕರೆಯುವವರು ಇಲ್ಲವಾದರು. ಮುಂಬೈಯ ಯಾರೋ ಒಂದು ವರ್ಷಕ್ಕೆಂದು ಕರೆಸಿಕೊಂಡು ನಡುನೀರಿನಲ್ಲಿ ಕೈಬಿಟ್ಟರು. ಹಾಗೆ ನಮ್ಮ ಯಜಮಾನನ ಕೈಗೆ ಬಿದ್ದ.

ಊಟವನ್ನೂ ಅವನು ರೂಮಿನ ಬಾಗಿಲು ಹಾಕಿಕೊಂಡು ಮಾಡುತ್ತಿದ್ದ. ಜ್ವರ ಬಂದು ನಾನು ಗಂಜಿ ಕುಡಿಸಿದ ದಿನ ಮೊದಲ ಸಲ ಅವನ ಮುಖ ನೋಡಿದೆ. ಸಾದಾ ಮುಖ. ನಮ್ಮ ಬಣ್ಣವೇ. ಪೂರಿಗಾಲಿ ಬಸ್ಸಿನಲ್ಲಿ ಕೂತಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ. ಅರ್ಧ ಹಿಂದಿ, ಅರ್ಧ ಕೈಸನ್ನೆಯಲ್ಲಿ ಅವನು ನನಗೆ ಬೀಳುವುದನ್ನು ಕಲಿಸಿದ. ಗರಡಿಯಲ್ಲಿ ನಾವು ಬೀಳಿಸುವುದನ್ನು ಮಾತ್ರ ಕಲಿಯುತ್ತೇವೆ. ಅವನು ಹೇಳುತ್ತಿದ್ದುದು ಒಂದೇ ಮಾತು: ಎತ್ತಿದವನ ಕೈಯಲ್ಲಿ ಬೀಳುವವನ ಕತ್ತು ಇರುತ್ತದೆ, ಬೀಳಲು ಗೊತ್ತಿಲ್ಲದವನನ್ನು ತಲೆಗಿಂತ ಮೇಲೆ ಎತ್ತಲೇಬೇಡ.

ಹಾವೇರಿ ಕಡೆ ಆಟವಿದ್ದಾಗ ಅವನಿಗೆ ಕಾಮಾಲೆ ಏರಿತು. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡು, ಮಣ್ಣು ಮಾಡುವಾಗ ಮುಖವಾಡ ಹಾಕಿಯೇ ಮಾಡಬೇಕು ಎಂದ. ನಾನು ಮಾತು ಕೊಟ್ಟೆ. ಮೂರನೇ ದಿನಕ್ಕೆ ಹೋದ. ನಾನೇ ಅವನ ಮುಖ ತೊಳೆದು ಮುಖವಾಡ ಹಾಕಿದೆ. ಗುಂಡಿಯ ಹತ್ತಿರ ಯಜಮಾನ ಬಂದು ಅದನ್ನು ಬಿಚ್ಚಿಕೊಂಡ. ಮುಂದಿನ ವಾರ ತುಮಕೂರಿನಲ್ಲಿ ಆಟವಿದೆ, ಪೋಸ್ಟರ್ ಅಂಟಿಸಿ ಆಗಿದೆ, ನಿನ್ನದೂ ಇವನದೂ ಒಂದೇ ಅಳತೆ ಎಂದ. ನಾನು ತಡೆಯಬಹುದಿತ್ತು. ನಿನ್ನಿಂದ ಯಾಕೆ ಮುಚ್ಚಿಡಲಿ, ಆ ಕ್ಷಣ ನನಗೆ ಒಳಗೊಳಗೇ ಸಂತೋಷವಾಯಿತು. ನಾಲ್ಕು ವರ್ಷ ಯಾರ್‍ಯಾರ ಕೈಲೋ ಸೋಲುತ್ತಿದ್ದವನು ಇನ್ನು ಗೆಲ್ಲುತ್ತೇನೆ ಎಂದು.

ರಮೀರೋನಿಗೆ ಒಬ್ಬಳು ಮಗಳಿದ್ದಳು. ಫೋನು ಮಾಡಿದಾಗಲೆಲ್ಲ ಅಪ್ಪ ಬೇರೆ ಊರಿನಲ್ಲಿ ಇದ್ದಾನೆ ಎಂದು ಯಜಮಾನ ಹೇಳಿಸುತ್ತಿದ್ದ. ಕೊನೆಗೆ ಅವಳು ಫೋನು ಮಾಡುವುದನ್ನೇ ಬಿಟ್ಟಳು.

ಎರಡು ವರ್ಷ ನಾನು ಎಲ್ ಕಾರ್ದೋನ್ ಆಗಿದ್ದೆ. ಜನರ ಎದುರು ಬಾಯಿ ಬಿಡುವಂತಿರಲಿಲ್ಲ. ಯಾರಾದರೂ ಕನ್ನಡದಲ್ಲಿ ಬೈದರೆ ಅರ್ಥವಾಗದವನ ಹಾಗೆ ನಿಲ್ಲಬೇಕಿತ್ತು. ಮಕ್ಕಳು ಕೈ ಮುಟ್ಟಿ ನೋಡುತ್ತಿದ್ದವು. ಅದು ನನಗೆ ರುಚಿಸಿತು ಕಣಮ್ಮ. ಸಿದ್ದರಾಮು ಅಂದರೆ ಯಾರಿಗೂ ಗೊತ್ತಿಲ್ಲ, ಮುಖವಾಡ ಹಾಕಿದರೆ ಸಾವಿರ ಜನ ಎದ್ದು ನಿಲ್ಲುತ್ತಾರೆ.

2015ರ ಡಿಸೆಂಬರಿನಲ್ಲಿ ಮಳವಳ್ಳಿಯಲ್ಲಿ ಆಟವೆಂದಾಗ ಅದೊಂದು ಊರು ಬೇಡ ಎಂದು ಯಜಮಾನನ ಕಾಲು ಹಿಡಿದೆ. ಮುಖವಾಡ ಇರುವಾಗ ನಿನಗೇನು ಭಯ ಎಂದು ನಕ್ಕ.

ಆ ಮಧ್ಯಾಹ್ನ ನೀನು ನೋಡಿದ್ದೀಯ. ಐದು ನಿಮಿಷ ನನ್ನೆದುರು ನಿಂತವರಿಗೆ ಬೈಕು ಕೊಡುತ್ತೇವೆ ಎಂದು ಮೈಕಿನಲ್ಲಿ ಕೂಗಿದರು. ಮೂವರು ಹುಡುಗರು ಬಂದರು. ಮೂವರನ್ನೂ ಹಗುರವಾಗಿ ಮಲಗಿಸಿ ಕಳಿಸಿದೆ. ಆಗ ಮೈಕಿನವನು, ಮಂಡ್ಯ ಜಿಲ್ಲೆಯಲ್ಲಿ ಗಂಡಸರು ಯಾರೂ ಉಳಿದಿಲ್ಲವಾ ಎಂದು ಹಂಗಿಸಿದ. ಮುಂದಿನ ಸಾಲಿನಲ್ಲಿ ಮಾದೇವ ಎದ್ದು ನಿಂತು ಅಂಗಿ ಬಿಚ್ಚುತ್ತಿದ್ದ. ಪಕ್ಕದಲ್ಲಿ ನೀನು. ನಿನ್ನ ತೊಡೆಗೆ ಒರಗಿಕೊಂಡು ಹೇಮಶ್ರೀ. ನೀನು ಅವನ ಕೈ ಹಿಡಿದು ಬೇಡ ಎನ್ನುತ್ತಿದ್ದೆ. ಅವನು ನಗುತ್ತಾ, "ಬುಡಮ್ಮಿ, ಒಂದ್ ಕೈ ನೋಡ್ಬುಟ್ ಬತ್ತೀನಿ" ಎಂದದ್ದು ನನಗೆ ರಿಂಗಿನೊಳಗೇ ಕೇಳಿಸಿತು.

ಅವನು ಹಿಡಿದ ಹಿಡಿತಕ್ಕೇ ಇದು ಆಟವಲ್ಲ ಎಂದು ಗೊತ್ತಾಯಿತು. ಅವನ ಪಟ್ಟುಗಳು ನನಗೆ ಗೊತ್ತು, ನನ್ನವು ಅವನಿಗೆ ಗೊತ್ತು. ನಾಲ್ಕು ನಿಮಿಷ ದಾಟಿತು. ಜನ ಹುಚ್ಚೆದ್ದು, "ಮುಖ್ವಾಡ ಕಿತ್ತಾಕ್ಲಾ! ಮಕ ನೋಡಾಣ!" ಎಂದು ಅರಚುತ್ತಿದ್ದರು. ಮೂಲೆಯ ಕಂಬಕ್ಕೆ ನನ್ನನ್ನು ಒತ್ತಿ ಅವನು ಮುಖವಾಡದ ಹಿಂದಿನ ದಾರಕ್ಕೆ ಕೈ ಹಾಕಿದ. ಅದು ಕಳಚಿದ್ದರೆ ಮಳವಳ್ಳಿಯ ಅಷ್ಟೂ ಜನರ ಎದುರು, ನಿನ್ನೆದುರು, ಪೂರಿಗಾಲಿ ಸಿದ್ದರಾಮು ಸುಳ್ಳು ಮೆಕ್ಸಿಕೋದವನಾಗಿ ನಿಲ್ಲಬೇಕಿತ್ತು. ಹೆದರಿದೆ. ಅವನನ್ನು ಎತ್ತಿದೆ. ಮೆಲ್ಲಗೆ ಇಳಿಸಬೇಕೆಂದೇ ಇದ್ದೆ. ಇಬ್ಬರ ಮೈಯೂ ಬೆವರಿತ್ತು. ಕೈ ಜಾರಿತು. ತಲೆ ಮೊದಲು ಬಿತ್ತು.

ಆ ಸದ್ದು ಜನರಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು.

ನೀನು ಹಗ್ಗ ನುಸುಳಿಕೊಂಡು ಓಡಿ ಬಂದೆ. ಅವನ ಕಾಲು ಅಲ್ಲಾಡಿಸಿ ನೋಡಿದೆ. ಆಮೇಲೆ ತಿರುಗಿ ನನ್ನ ಎರಡೂ ಕಾಲು ತಬ್ಬಿಕೊಂಡೆ. "ನಿನ್ ದಮ್ಮಯ್ಯ ಅಂತೀನಿ, ಒಂದ್ ಗಾಡಿ ತರ್ಸಪ್ಪಾ! ಆಸ್ಪತ್ರೆಗ್ ಕರ್ಕಂಡೋಗಪ್ಪಾ!" ಎಂದು ನನ್ನ ಪಾದಕ್ಕೆ ಹಣೆ ಚಚ್ಚಿಕೊಂಡೆ. ನನಗೆ ಕನ್ನಡ ಬರಬಾರದಿತ್ತು, ಭಾಗ್ಯ. ನಾನು ಅರ್ಥವಾಗದವನ ಹಾಗೆ ನಿಂತೆ. ಯಾರೋ ನಿನ್ನನ್ನು ಎಳೆದುಕೊಂಡು, "ಏಯ್, ಅವ್ನ್ಗೆಲ್ಲಮ್ಮಾ ನಿನ್ ಬಾಸೆ ಬತ್ತದೆ" ಎಂದರು. ಗಾಡಿ ಬರಲು ಅರ್ಧ ಗಂಟೆ ಹಿಡಿಯಿತು. ಕಂಪನಿಯ ಜೀಪು ರಿಂಗಿನ ಹಿಂದೆಯೇ ನಿಂತಿತ್ತು. ನಾನು ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಜೀಪಿನಲ್ಲೇ ಯಜಮಾನ ನನ್ನನ್ನು ಊರು ದಾಟಿಸಿದ.

ಪೊಲೀಸರು ಬಂದಾಗ ಕಂಪನಿಯವರು, ವಿದೇಶದವನು ಅವನ ದೇಶಕ್ಕೆ ಹೊರಟುಹೋದ ಎಂದು ಬರೆಸಿದರು. ಅಲ್ಲಿಗೆ ಕೇಸು ಮುಗಿಯಿತು. ಕಂಪನಿಯೂ ಮುಚ್ಚಿತು. ನಾನು ಮುಖವಾಡ ಎತ್ತಿಕೊಂಡು ಹಾವೇರಿ ಕಡೆಗೆ ಹೋದೆ. ರಮೀರೋನ ಗುಂಡಿಗೆ ಗುರುತೇ ಉಳಿದಿರಲಿಲ್ಲ. ಅಂದಾಜಿನ ಮೇಲೆ ಒಂದು ಕಡೆ ಅಗೆದು ಅದನ್ನು ಹೂತು, ಅಲ್ಲಿಂದ ನೇರ ಊರಿಗೆ ಬಂದೆ. ಕೊತ್ತತ್ತಿಗೆ ಬಂದಾಗ ನೀನು ಬಾಗಿಲಲ್ಲೇ ನನ್ನನ್ನು ತಬ್ಬಿಕೊಂಡು, "ನಮ್ಮಣ್ಣ ಬಂದ, ದ್ಯಾವ್ರೇ ಬಂದಂಗಾಯ್ತು" ಎಂದೆ. ನಾನು ಅವತ್ತೇ ಹೇಳಬೇಕಿತ್ತು. ಮಾದೇವನನ್ನು ಮಗ್ಗುಲು ಹೊರಳಿಸಿ ಬೆನ್ನಿನ ಹುಣ್ಣು ತೊಳೆಯಲು ಒಬ್ಬರು ಬೇಕಿತ್ತು. ಮೊದಲು ಅದನ್ನು ಮಾಡೋಣ, ಆಮೇಲೆ ಹೇಳೋಣ ಎಂದುಕೊಂಡೆ. ಆ ಆಮೇಲೆ ಬರಲೇ ಇಲ್ಲ.

ಪ್ರತಿ ಭಾನುವಾರವೂ ನೀನು ನೀರು ತಂದಿಟ್ಟು, "ಆ ಮೆಕ್ಸಿಕೋದೋನ ಕೈ ಸೇದೋಗ" ಎಂದು ಶಪಿಸುತ್ತೀಯ. ನಾನು ಅದೇ ಕೈಯಲ್ಲಿ ಟವೆಲ್ ಹಿಂಡುತ್ತಿರುತ್ತೇನೆ. ಮಾದೇವ ಮಾತ್ರ, "ಬುಡು ಭಾಗ್ಯ, ಅವ್ನ್ಗೂ ಒಟ್ಟೆಪಾಡು ಇತ್ತಲ್ವಾ" ಎನ್ನುತ್ತಾನೆ. ಅವನ ಗುಣವೇ ಅಂಥದ್ದು.

ಧಾರೆಗೆ ಮಾದೇವನ ಅಣ್ಣ ಪುಟ್ಟರಾಜು ಮತ್ತು ಅವರ ಮನೆಯವರನ್ನು ಕೂರಿಸು. ಕಾರಣ ಕೇಳಿದರೆ ನನಗೆ ಮೈ ಸರಿಯಿಲ್ಲ ಅನ್ನು, ಇಲ್ಲವೇ ಇದ್ದದ್ದನ್ನು ಇದ್ದ ಹಾಗೆ ಹೇಳು. ಸ್ಟೇಷನ್ನಿಗೆ ಹೋಗಿ ಹೇಳು ಅಂದರೆ ನಾಳೆಯೇ ಹೋಗುತ್ತೇನೆ. ಮನೆಗೆ ಬರಬೇಡ ಅಂದರೆ ಬರುವುದಿಲ್ಲ. ಆದರೆ ಅವನನ್ನು ಹೊರಳಿಸುವಾಗ ಒಬ್ಬಳೇ ಎತ್ತಬೇಡ, ನಿನ್ನ ಸೊಂಟ ಹೋಗುತ್ತದೆ. ಎಡ ಹಿಮ್ಮಡಿಯಲ್ಲಿ ಹೊಸ ಹುಣ್ಣು ಏಳುತ್ತಿದೆ, ಕಳೆದ ವಾರ ನೋಡಿದೆ, ದಿನಾ ಮುಲಾಮು ಹಚ್ಚು. ಹೇಮಶ್ರೀಗೆ ಮದುವೆ ಮುಗಿಯುವವರೆಗೂ ಹೇಳಬೇಡ. ಇದು ನನಗಾಗಿ ಕೇಳುತ್ತಿರುವುದಲ್ಲ, ಅವಳಿಗಾಗಿ.

ಕ್ಷಮಿಸು ಎಂದು ಬರೆಯುವುದಿಲ್ಲ.

ಒಂದೇ ಹೊಟ್ಟೆಯಲ್ಲಿ ಹುಟ್ಟಿದವನು,
ಸಿದ್ದರಾಮು

ಮರೆತದ್ದಲ್ಲ, ಬೇಕೆಂದೇ ಬಿಟ್ಟದ್ದು: ಕವರು ಅಂಟಿಸುವ ಮೊದಲು ಓದಿ ನೋಡಿದೆ. ಒಂದು ಕಡೆ ಸುಳ್ಳು ಬರೆದಿದ್ದೇನೆ. ಕೈ ಜಾರಲಿಲ್ಲ. ಮೂಲೆಯ ಕಂಬದ ಹತ್ತಿರ ಮಾದೇವ ದಾರ ಬಿಚ್ಚಿ ಮುಖವಾಡವನ್ನು ಮೂಗಿನ ಮೇಲಕ್ಕೆ ಎತ್ತಿದ್ದ. ಜನರಿಗೆ ಅವನ ಬೆನ್ನು ಅಡ್ಡವಿತ್ತು, ನೋಡಿದ್ದು ಅವನೊಬ್ಬನೇ. "ಲೇ ಸಿದ್ದ... ನೀನೇನ್ಲಾ?" ಎಂದ. ನನ್ನನ್ನು ಬಯಲು ಮಾಡಲಿಲ್ಲ. ತಾನೇ ಮುಖವಾಡವನ್ನು ಕೆಳಕ್ಕೆ ಎಳೆದು ಸರಿಮಾಡಿದ. "ಬೀಳ್ಸು, ನಾನೇ ಸೋತೋನಂಗೆ ಬಿದ್ಕತೀನಿ" ಎಂದು ಹಿಡಿತ ಸಡಿಲ ಬಿಟ್ಟ. ಹೊರಗೆ ಹೋಗಿ ನಿನಗೆ ಹೇಳಿಬಿಡುತ್ತಾನೆ ಎಂಬುದೊಂದೇ ನನ್ನ ತಲೆಯಲ್ಲಿ ಇತ್ತು. ಆಮೇಲೆ ನಾನು ಅವನನ್ನು ಎತ್ತಿದ್ದು. ಒಂಬತ್ತು ವರ್ಷದಿಂದ ಅವನು ನಿನಗೆ ಹೇಳಿಲ್ಲ.