ಬೀಗ ಹಾಕಿದ ಮನೆಯ ಸರಾಸರಿ

ಪ್ರೀತಿಯ ಅಪ್ಪನಿಗೆ,

ಬೈಯಬೇಕೆಂದೇ ಬರೆಯಲು ಕೂತೆ. ಬೈಯುವಷ್ಟು ತ್ರಾಣ ಉಳಿದಿಲ್ಲ, ಹಾಗಾಗಿ ನೀನು ಬಚಾವು.

ಕಳೆದ ತಿಂಗಳು ನೀನು ಬಂದಿದ್ದಾಗ ನನಗೆ ಜ್ವರ ಬಂದು, ಒಂದು ಭಾನುವಾರ ನನ್ನ ಬದಲು ಪ್ರಯೋಗಾಲಯದಲ್ಲಿ ಕೂತೆಯಲ್ಲ. ಗಾಜಿನ ಕೊಳವೆಯಲ್ಲಿ ಹಸಿರು ದ್ರಾವಣ. ಅದರೊಳಗಿನ ಕ್ರೋಮಿಯಂ ತಾನು ಹಿಡಿದುಕೊಂಡ ಕ್ಲೋರೈಡನ್ನು ಬಿಟ್ಟು ನೀರನ್ನು ಹಿಡಿಯುತ್ತಾ ಮೆಲ್ಲಗೆ ನೇರಳೆಯಾಗುತ್ತದೆ. ಅದೆಷ್ಟು ಮೆಲ್ಲಗೆ ಎನ್ನುವುದೇ ನನ್ನ ಐದು ವರ್ಷದ ಸಂಶೋಧನೆ. "ಗಂಟೆಗೊಂದ್ಸಲ ಬಣ್ಣ ಅಳೆಯೋ ಈ ಯಂತ್ರದ ಅಂಕಿ ಬರ್ಕೋ, ಅಷ್ಟೇ" ಅಂದಿದ್ದೆ. "ಮೂವತ್ತು ವರ್ಷ ಕರೆಂಟ್ ಮೀಟರ್ ಓದಿದೋನಿಗೆ ಇದೇನು ಮಹಾ!" ಎಂದು ನೀನು ನಕ್ಕಿದ್ದೆ.

ನಿನ್ನ ಹಾಳೆ ನೋಡಿ ನನ್ನ ಗೈಡ್ ಭುಜ ತಟ್ಟಿದ್ದರು. ಇವತ್ತು ಪ್ರಬಂಧವನ್ನು ಬೈಂಡಿಂಗಿಗೆ ಕೊಡುವ ಮೊದಲು ಕೊನೆಯ ಸಲ ಕಣ್ಣಾಡಿಸಿದೆ. ಕ್ಲೋರೈಡ್ ಖಾಲಿಯಾಗುತ್ತಾ ಬಂದಂತೆ ಬದಲಾವಣೆಯೂ ಗಂಟೆಗಂಟೆಗೆ ಸಣ್ಣದಾಗಬೇಕು. ಮಧ್ಯಾಹ್ನ ಒಂದರಿಂದ ಐದರವರೆಗಿನ ನಿನ್ನ ಅಂಕಿಗಳು ಮಾತ್ರ ಮೆಟ್ಟಿಲಿನಂತೆ ಸಮಸಮವಾಗಿ ಇಳಿದಿವೆ. ಮನೆಗೆ ಬೀಗ ಹಾಕಿದ್ದರೆ ಹಿಂದಿನ ತಿಂಗಳುಗಳ ಸರಾಸರಿ ಬರೆದು ಮುಂದೆ ಹೋಗುತ್ತಿದ್ದವನಲ್ಲವೇ ನೀನು! ಊಟ ಮಾಡಿ ತೂಕಡಿಸಿದ್ದೀಯ, ಎದ್ದು ಸರಾಸರಿ ಹಾಕಿದ್ದೀಯ.

ಹಾಳೆಗೆ ಅಡ್ಡಗೆರೆ ಎಳೆದೆ, ಗೈಡ್‌ಗೂ ಹೇಳಿದೆ. ಆ ಪ್ರಯೋಗವನ್ನು ಮತ್ತೆ ಮೊದಲಿನಿಂದ ಶುರು ಮಾಡಬೇಕು. ಸಾಕಾಗಿದೆ ಅಪ್ಪಾ. ಆದರೂ ಅದು ಹೋದರೆ ಹೋಗಲಿ, ಅದಕ್ಕಲ್ಲ ಈ ಪತ್ರ.

ನನ್ನ ಪರೀಕ್ಷೆಯ ಸಮಯದಲ್ಲಿ ಆಸ್ಪತ್ರೆಯಿಂದ ನೀನು ಬರೆದ ಅಮ್ಮನ ಸುದ್ದಿಯೂ ಹೀಗೇ ಇತ್ತು. ದಿನಾ "ನಿನ್ನೆಗಿಂತ ಇವತ್ತು ಒಂಚೂರು ವಾಸಿ." ಕೊನೆಯ ಪರೀಕ್ಷೆ ಬರೆದು ಓಡಿಬಂದರೆ ಅಮ್ಮ ಇರಲಿಲ್ಲ. ನನ್ನ ಓದು ಕೆಡಬಾರದೆಂದು ಹಾಗೆ ಬರೆದೆ, ಗೊತ್ತು. ಅದಕ್ಕೇ ಇಷ್ಟು ವರ್ಷ ಕೇಳಲಿಲ್ಲ. ನೋವು ಮಾತ್ರ ಹೋಗಿಲ್ಲ.

ಇವತ್ತು ನಿನ್ನ ಈಚಿನ ಮೂರು ಪತ್ರ ತೆಗೆದು ನೋಡಿದೆ. ಮೊದಲ ವಾರ ನಿನ್ನ ಕೆಮ್ಮು ಕಾಲುಭಾಗ ಕಡಿಮೆ, ಎರಡನೆಯ ವಾರ ಅರ್ಧ ಕಡಿಮೆ, ಮೂರನೆಯ ವಾರ ಮುಕ್ಕಾಲು ಕಡಿಮೆ. ಮತ್ತದೇ ಮೆಟ್ಟಿಲು. ನಿಜವಾದ ಕೆಮ್ಮು ಹೀಗೆ ಲೆಕ್ಕವಿಟ್ಟು ಇಳಿಯುವುದಿಲ್ಲ ಅಪ್ಪಾ.

ಶನಿವಾರ ಮೊದಲ ಬಸ್ಸಿಗೆ ಹೊರಡುತ್ತೇನೆ. ಕ್ರೋಮಿಯಂ ಕಾಯುತ್ತದೆ, ಅದಕ್ಕೆ ಅವಸರವೆಂಬುದೇ ಇಲ್ಲ. ಡಾಕ್ಟರ ಚೀಟಿ, ಎಕ್ಸ್‌ರೇ ಇದ್ದರೆ ಮೇಜಿನ ಮೇಲಿಟ್ಟಿರು. ಇನ್ನೂ ತೋರಿಸಿಲ್ಲವಾದರೆ ತೋರಿಸಿಲ್ಲ ಅನ್ನು. ಖಾಲಿ ಬಿಟ್ಟ ಜಾಗಕ್ಕೆ ನಾನು ಬೈಯುವುದಿಲ್ಲ.

ಅಪ್ಪನನ್ನು ಹರಸುವ ವಯಸ್ಸು ನನ್ನದಲ್ಲ, ಆದರೂ ಹರಸುತ್ತೇನೆ: ನೂರು ಕಾಲ ಬಾಳು. ಈ ಸಲ ಮೀಟರ್ ನಾನೇ ಬಂದು ಓದಿಕೊಳ್ಳುತ್ತೇನೆ. ಬೀಗ ತೆಗೆದಿಟ್ಟಿರು.

ಇಂತಿ,
ನಿನ್ನ ಮಗಳು