ಕೊನೆಯ ಕೋಟೆಗೆ ಮೊದಲು

ಮಾರ್ಚ್ 3, ಸೋಮವಾರ

ಎರಡು ಜೋಡಿ ಲೆನ್ಸ್ ಉಜ್ಜಿದೆ. ಒಂದು ಫ್ರೇಮಿಗೆ ಸರಿಯಾಗಿ ಕೂತಿತು. ಇನ್ನೊಂದರ ಅಂಚು ಹಾರಿತು, ಮತ್ತೆ ಮಾಡಬೇಕು. ಊಟದ ಹೊತ್ತಿಗೆ ಎದುರಂಗಡಿ ಬಂದಳು. ಎದುರಿನ ಮೆಡಿಕಲ್ ಶಾಪಿನಲ್ಲಿ ಔಷಧಿ ಕೊಡುವವಳು. ನನಗೆ ಅವಳು ಎದುರಂಗಡಿ, ಅವಳಿಗೆ ನಾನು ಕನ್ನಡಕ.

ಇವತ್ತಿನ ಜಗಳ ಬಾಣದ್ದು. ಈಗಿನ ರೋಲ್ ಪ್ಲೇಯಿಂಗ್ ಗೇಮ್‌ಗಳಲ್ಲಿ ಎಲ್ಲಿಗೆ ಹೋಗಬೇಕೆಂದು ಪರದೆ ಮೇಲೆ ಬಾಣ ತೋರಿಸುತ್ತಲೇ ಇರುತ್ತದೆ. ಅದರ ಹಿಂದೆ ನಡೆದರೆ ಆಯಿತು. ನಮ್ಮ ಕಾಲದಲ್ಲಿ ಬಾವಿಕಟ್ಟೆಯ ಮುದುಕ ‘ಉತ್ತರಕ್ಕೆ ಹೋಗು, ಒಣಮರ ಸಿಕ್ಕರೆ ಎಡಕ್ಕೆ ತಿರುಗು’ ಎನ್ನುತ್ತಿದ್ದ. ಕೆಲವು ಸಲ ಆ ಮುದುಕನೇ ಸುಳ್ಳ. ಅದು ಆಟ ಅಂದರೆ.

“ಆ ಮುದುಕನ ಮಾತು ಕೇಳಿ ಅರ್ಧ ಆಯಸ್ಸು ಕಳ್ದಿದೀರಿ,” ಎಂದಳು. “ನನಗೆ ದಿನಕ್ಕೆ ಒಂದು ಗಂಟೆ ಸಿಕ್ಕಿದ್ರೆ ಹೆಚ್ಚು ಕಣ್ರೀ. ಬಾಣ ಇದ್ರೆ ನಿಮ್ಮ ಗಂಟೇನು ಹೋಯ್ತು?”

ಆಡುವುದರಲ್ಲಿ ಅವಳೇನೂ ಕಡಿಮೆಯಿಲ್ಲ. ಮೊದಲ ಸಲ ಅಂಗಡಿಗೆ ಬಂದದ್ದೇ ಗೇಮಿನ ಅಕ್ಷರ ಓದಲಾಗುತ್ತಿಲ್ಲ ಎಂದು. ಹೊಸ ಗೇಮ್‌ಗಳ ಮೇಲೆ ನನ್ನದೂ ಅದೇ ದೂರು — ಗೋಡೆಯಷ್ಟು ಟಿವಿ, ಇರುವೆಯಷ್ಟು ಅಕ್ಷರ. ನನ್ನ ವ್ಯಾಪಾರಕ್ಕೇನೋ ಒಳ್ಳೆಯದೇ.

ಮಾರ್ಚ್ 6

ಸರದಿಯ ಯುದ್ಧಕ್ಕೆ ಸಮನಾದದ್ದು ಇನ್ನೂ ಬಂದಿಲ್ಲ. ನನ್ನದೊಂದು ಏಟು, ಅವನದೊಂದು ಏಟು. ನಡುವೆ ಎದ್ದು ಹೋಗಿ ಟೀ ಮಾಡಿಕೊಂಡು ಬರಬಹುದು, ರಾಕ್ಷಸ ಕತ್ತಿ ಎತ್ತಿಕೊಂಡೇ ನಿಂತಿರುತ್ತಾನೆ. ಸಭ್ಯಸ್ಥ. ಈಗಿನ ರಾಕ್ಷಸರಿಗೆ ಆ ಮರ್ಯಾದೆ ಇಲ್ಲ, ಬೆನ್ನ ಮೇಲೇ ಬೀಳುತ್ತಾರೆ. ಹಳೆಯದರಲ್ಲಿ ನಾಲ್ಕು ಹೆಜ್ಜೆಗೊಂದು ಹೊಡೆದಾಟ ಬಂದು ತಲೆ ಚಿಟ್ಟು ಹಿಡಿಯುತ್ತಿತ್ತು, ನಿಜ. ಅವಳ ಮುಂದೆ ಒಪ್ಪಿಕೊಳ್ಳುವುದಿಲ್ಲ.

ಹೊಸದರಲ್ಲಿ ಮೆಚ್ಚಬೇಕಾದದ್ದು ಜೊತೆಗಾರರನ್ನು. ಮೊದಲು ಬೆನ್ನ ಹಿಂದೆ ಸಾಲಾಗಿ ನಡೆಯುವ ಗೊಂಬೆಗಳು. ಈಗ ಮುನಿಸಿಕೊಳ್ಳುತ್ತಾರೆ, ಎದುರು ಮಾತಾಡುತ್ತಾರೆ.

ಹೋಗುವಾಗ ಹೇಳಿದಳು — ಅವಳಿಗೆ ವರ್ಗವಾಗಿದೆ. ಕಂಪನಿಯ ಇನ್ನೊಂದು ಅಂಗಡಿಗೆ. ಬೇರೆ ಊರು, ಬಸ್ಸಿನಲ್ಲಿ ಎರಡು ಗಂಟೆ. ತಿಂಗಳ ಕೊನೆಗೆ.

ಮದುವೆಯಾಗುತ್ತೀರಾ ಎಂದು ಕೇಳಬೇಕು. ಕೇಳಿಯೇ ಕೇಳುತ್ತೇನೆ.

ಮಾರ್ಚ್ 7

ತಯಾರಿ ಇಲ್ಲದೆ ಕೊನೆಯ ಕೋಟೆಗೆ ನುಗ್ಗುವವನು ಪೆದ್ದ. ಇಷ್ಟು ವರ್ಷ ಆಡಿ ಕಲಿತದ್ದು ಇದನ್ನೇ. ಲೋಕ ನಾಳೆ ಮುಳುಗುತ್ತದೆಂದು ರಾಜ ಗೋಳೋ ಎಂದು ಅಳುತ್ತಿರುತ್ತಾನೆ. ನಾನು ಯಾರದೋ ಕಳೆದುಹೋದ ಬೆಕ್ಕು ಹುಡುಕುತ್ತೇನೆ. ಆಮೇಲೆ ಮೀನು ಹಿಡಿಯುತ್ತೇನೆ. ಊರಿನ ಚಿಲ್ಲರೆ ಕೆಲಸವೆಲ್ಲ ಮುಗಿಸಿ, ಒಳ್ಳೆಯ ಕವಚ ತೊಟ್ಟು, ಆಮೇಲೆ ಕೋಟೆ ಬಾಗಿಲು ತಟ್ಟುವುದು. ಅಲ್ಲಿಯವರೆಗೆ ಲೋಕ ಕಾಯುತ್ತದೆ. ಯಾವತ್ತೂ ಕಾದಿದೆ.

ಹಾಗಾಗಿ: ಹಲ್ಲು ತುಂಬಿಸಬೇಕು. ಹೊಸ ಶರ್ಟು. ಮನೆ ಗೋಡೆಗೆ ಬಣ್ಣ.

ಕೆಳಗಿನ ಮನೆಯ ಅಕ್ಕನಿಗೆ ನಿನ್ನೆಯೇ ವಿಷಯ ಹೇಳಿದ್ದೆ. ಬಣ್ಣದ ಡಬ್ಬಿ ನೋಡಿದಳು.

“ಅವಳನ್ನ ಕೇಳಿದ್ಯೇನೋ?”

“ಗೋಡೆ ಮುಗೀಲಿ ಅಕ್ಕ.”

“ಮದುವೆ ಆಗೋದು ಗೋಡೆನೇನೋ?”

ಅಕ್ಕ ಒಂದು ಗೇಮನ್ನೂ ಆಡಿದವಳಲ್ಲ. ಅವಳಿಗೆ ಹೇಗೆ ಅರ್ಥವಾದೀತು.

ಮಾರ್ಚ್ 11

ಎದುರಂಗಡಿ ಈಗ ಆಡುತ್ತಿರುವ ಹೊಸ ಗೇಮಿನಲ್ಲಿ ಸೆರೆಯಾದವರನ್ನು ಬಿಡಿಸಬೇಕು. ಅದೂ ಇದೂ ಮಾಡುತ್ತ ಕೂತರೆ, ಹೋಗುವಷ್ಟರಲ್ಲಿ ಅವರು ಸತ್ತಿರುತ್ತಾರಂತೆ.

“ಅದು ಮೋಸ,” ಎಂದೆ. “ಆಡೋನಿಗೆ ಹೇಳ್ದೇನೇ ಗಡಿಯಾರ ಓಡ್ಸೋದಾ?”

“ಹೇಳಿರ್ತಾರೆ ಕನ್ನಡಕದೋರೇ. ಬೇಗ ಬನ್ನಿ ಅಂತಾನೇ ಹೇಳಿರ್ತಾರೆ. ನೀವು ನಂಬಲ್ಲ ಅಷ್ಟೆ.”

ಊಟದ ಡಬ್ಬಿ ಮುಚ್ಚಿದಳು. ಏಳಲಿಲ್ಲ. “ಬೇರೇನಾದ್ರೂ ಹೇಳೋದಿದ್ಯಾ?”

“ಇದೆ. ಆಮೇಲೆ ಹೇಳ್ತೀನಿ.”

ಒಂದು ಚೂರೂ ತಡವರಿಸದೆ ಹೇಳಿದೆ. ತಯಾರಿ ಇದ್ದವನ ಗತ್ತೇ ಬೇರೆ.

ಮಾರ್ಚ್ 19

ಹಲ್ಲಾಯಿತು. ಶರ್ಟಾಯಿತು. ಬಣ್ಣಕ್ಕೆಂದು ಊಟಕ್ಕೆ ಮೊದಲೇ ಅಂಗಡಿ ಮುಚ್ಚಿ, ಎರಡು ದಿನ ತೆರೆಯದೆಯೂ ಇದ್ದು, ನಡುಮನೆ ಮತ್ತು ಮಲಗುವ ಕೋಣೆ ಮುಗಿಸಿದೆ. ಅಡುಗೆಮನೆಯೊಂದು ಬಾಕಿ. ನಾಳೆಯೇ ಕೇಳಿಬಿಡುತ್ತೇನೆ. ಅಡುಗೆಮನೆ ಆಮೇಲೆ ನೋಡಿದರಾಯಿತು. ನೋಡಿ, ನಾನೇನು ಹಠಮಾರಿಯಲ್ಲ.

ಮಾರ್ಚ್ 20

ಎದುರಿನ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಬೇರೆ ಯಾರೋ.

“ಅವರು ಶನಿವಾರನೇ ಹೋದ್ರಲ್ಲ ಸಾರ್. ಅಲ್ಲಿ ಜನ ಇಲ್ಲ ಅಂತ ಬೇಗ ಕರೆಸ್ಕೊಂಡ್ರು. ನಿಮ್ಮಂಗಡಿ ಹತ್ರ ಬಂದಿದ್ರು, ಬಾಗಿಲು ಹಾಕಿತ್ತು.”

ನಂಬರ್ ಇದೆ. ಫೋನಿನಲ್ಲಿ ಕೇಳುವ ಮಾತಲ್ಲ. ಅವಳೂ ಫೋನ್ ಮಾಡಿಲ್ಲ — ಯಾಕೆ ಮಾಡಬೇಕು? ಬಣ್ಣದ ಡಬ್ಬಿ ಕಂಡರೆ ಒದೆಯಬೇಕೆನಿಸುತ್ತದೆ. ಒದ್ದೆ. ಈಗ ನೆಲವನ್ನೂ ಒರೆಸಬೇಕು.

ಮಾರ್ಚ್ 21, ಬಸ್ಸಿನಲ್ಲಿ, ವಾಪಸ್ ಬರುವಾಗ

ಹೋಗಿದ್ದೆ. ಹೊಸ ಶರ್ಟು ಮರೆತೇ ಹೋಯಿತು. ಮೊಣಕೈಗೆ ಬಣ್ಣ. ಕೌಂಟರಿನ ಮುಂದೆ ಸಾಲು, ನನ್ನ ಹಿಂದೆ ಒಬ್ಬ ಕೆಮ್ಮುವವ. ನನ್ನ ಸರದಿ ಬಂದಾಗ ಅವಳು ತಲೆ ಎತ್ತಲಿಲ್ಲ.

“ಏನು ಬೇಕು?”

“ನನ್ನನ್ನ ಮದುವೆ ಆಗ್ತೀರಾ?”

ಹಿಂದಿನವನ ಕೆಮ್ಮು ನಿಂತಿತು. ಅವಳು ಕೈಯಲ್ಲಿದ್ದ ಮಾತ್ರೆ ಕೆಳಗಿಟ್ಟಳು.

“ಅಂಗಡಿ ಮುಚ್ಚಿ ಏನ್ಮಾಡ್ತಿದ್ರಿ?”

“ಮನೆಗೆ ಬಣ್ಣ.”

“ನಾನು ಕೇಳಿದ್ನಾ ಬಣ್ಣ?”

“ಇಲ್ಲ.”

“ನನಗೀಗ ಕೋಪ ಬಂದಿದೆ. ಕೋಪದಲ್ಲಿ ಉತ್ತರ ಕೊಡಲ್ಲ. ಭಾನುವಾರ ರಜ. ನಿಮ್ಮನೆಗೆ ಬಂದ್ರೆ ಹೂಂ ಅಂತ. ಬರ್ಲಿಲ್ವಾ, ಇನ್ಯಾವತ್ತೂ ಈ ಮಾತು ಎತ್ಬೇಡಿ.” ಆಮೇಲೆ, ನನ್ನ ಭುಜದಾಚೆಗೆ ನೋಡಿ, “ಮುಂದಿನೋರು ಬನ್ನಿ.”

ಮಾರ್ಚ್ 23, ಭಾನುವಾರ, ಬೆಳಿಗ್ಗೆ

ನಿನ್ನೆಯಿಂದ ಏನೂ ಆಡಿಲ್ಲ. ಕಂಟ್ರೋಲರ್ ಕೈಗೆತ್ತಿಕೊಂಡೆ, ಇಟ್ಟೆ. ಅವಳ ಆ ಗೇಮ್ ಮೋಸದ್ದಲ್ಲ. ತಡ ಮಾಡಿದವನಿಗೆ ತಡವಾಯಿತು ಎಂದು ಹೇಳುವ ಗೇಮನ್ನು ಬೈಯುವುದು ಸರಿಯಲ್ಲ. ಬಂದರೆ ಬಾಯಿಬಿಟ್ಟು ಒಪ್ಪಿಕೊಳ್ಳುತ್ತೇನೆ. ಮಿಕ್ಕ ವಿಷಯಗಳಲ್ಲಿ ಜಗ್ಗುವುದಿಲ್ಲ.

ಮೊದಲ ಬಸ್ಸು ಬಂದು ಹೋಯಿತು. ಅವಳಿಲ್ಲ.

ಹನ್ನೊಂದೂವರೆ

ಎರಡನೆಯದೂ ಹೋಯಿತು. ಕಿಟಕಿ ಬಳಿ ನಿಲ್ಲುವುದು ಬಿಟ್ಟು ಬರೆಯಲು ಕೂತೆ. ಬರದಿದ್ದರೆ ಇನ್ನು ಆ ಮಾತು ಎತ್ತುವಂತಿಲ್ಲ, ಅವಳ ಷರತ್ತು. ತುಂಬಾ ಇಷ್ಟ ನನಗೆ ಅವಳು. ಎದುರು ಮಾತಾಡುವವರಿಲ್ಲದೆ ಎಷ್ಟು ಗೇಮ್ ಗೆದ್ದು ಏನು… 

ಗೇಟಿನ ಸದ್ದು. ಅಕ್ಕ ಕೆಳಗಿನಿಂದ ಕೂಗುತ್ತಿದ್ದಾಳೆ — “ಲೋ, ಯಾರೋ ಬಂದಿದಾರೆ ಕಣೋ, ಇಷ್ಟು ದೊಡ್ಡ ಬ್ಯಾಗು, ಒಳಗೆ ಅದೇನೋ ನಿನ್ನ ಗೇಮ್ ಮಿಷನ್ ಥರ, ವೈರ್ ಎಲ್ಲಾ ನೇತಾಡ್ತಿದೆ, ‘ಟಿವಿ ಎಲ್ಲಿದೆ’ ಅಂತ ಕೇಳ್ತಿದಾರೆ —”

ಶರ್ಟು ಎಲ್ಲಿ