ಹತ್ತಿ ತುರುಕಿದ ಗಂಟೆ

ನಗರದ ಸಂಸ್ಕೃತಿ ಇಲಾಖೆಯ ಮಾನ್ಯ ನಿರ್ದೇಶಕರೇ,

ಈ ಪತ್ರ ಬರೆಯುವ ಗತಿ ತಂದಿಟ್ಟಿರಲ್ಲ, ನನ್ನ ಸಿಟ್ಟಿನಲ್ಲಿ ಅರ್ಧ ಅದಕ್ಕೇ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಮೀನಿನ ಕಟ್ಟೆಯ ಮೇಲೆ ಕೂತವಳು ನಾನು. ಕತ್ತಿ ಹಿಡಿದ ಕೈಗೆ ಪೆನ್ನು ಒಗ್ಗುವುದಿಲ್ಲ. ನಿಮ್ಮ ಕಚೇರಿಗೆ ಬಂದರೆ ಒಮ್ಮೆ ಸಾಹೇಬರು ಸಭೆಯಲ್ಲಿದ್ದಾರೆ ಎಂದರು, ಇನ್ನೊಮ್ಮೆ ಏನಿದ್ದರೂ ಬರೆದು ಕೊಡಿ ಎಂದರು. ಸರಿ, ಬರೆದಿದ್ದೇನೆ. ಆದರೆ ನಿಮ್ಮ ಕಚೇರಿಗಲ್ಲ, ಪತ್ರಿಕೆಗೆ ಕೊಟ್ಟಿದ್ದೇನೆ. ಮಾರುಕಟ್ಟೆಯ ಗೋಡೆಗೂ ಒಂದು ಅಂಟಿಸುತ್ತೇನೆ. ನೀವು ಓದದಿದ್ದರೆ ಊರು ಓದಲಿ. ತೀರಿಹೋದ ನಮ್ಮ ಲಿಸಾಂದ್ರೊನ ಗಂಟೆಯನ್ನು ಮಾತು ಕೊಟ್ಟು ಒಯ್ದಿರಿ, ತಿರುಗಿ ಕೊಡಲಿಲ್ಲ. ನನ್ನ ತಕರಾರು ಇಷ್ಟೇ.

ಲಿಸಾಂದ್ರೊ ಮೆರ್ಕಾದೊ ಯಾರೆಂದು ನಿಮಗೆ ಹೇಳಿಕೊಡಬೇಕೆ? ಶ್ರದ್ಧಾಂಜಲಿ ಭಾಷಣದಲ್ಲಿ ಅವನನ್ನು ನಗರದ ಹೆಮ್ಮೆಯ ಪುತ್ರ ಎಂದವರು ನೀವೇ. ಕಾರ್ನಿವಲ್ ಹಬ್ಬ ಬಂತೆಂದರೆ ಕರಿ ನಿಲುವಂಗಿ ತೊಟ್ಟು, ಹುಸಿ ಪಾದ್ರಿಯಾಗಿ, ಆ ಪುಟ್ಟ ಹಿತ್ತಾಳೆ ಗಂಟೆ ಆಡಿಸುತ್ತ, ನಿಮ್ಮಂಥವರ ಮೇಲೆ ಪ್ರಾರ್ಥನೆ ಕಟ್ಟಿ ಬೀದಿ ಬೀದಿಯಲ್ಲಿ ಹಾಡುತ್ತಿದ್ದ ಪುತ್ರ. ಅವನು ಒಂದು ಸಾಲು ಎತ್ತಿದರೆ ಹಿಂದೆ ನಿಂತ ನಮ್ಮ ಮೇಳ ಉತ್ತರ ಕೊಡಬೇಕು.

"ಮಳೆ ಬಂದಾಗ ಬೀದಿಯನ್ನೇ ಹೊಳೆ ಮಾಡಿದವರಿಂದ."

"ಕಾಪಾಡು ಸ್ವಾಮಿ."

"ಆ ಹೊಳೆಗೆ ಸೇತುವೆ ಕಟ್ಟಿಸ್ತೀನಿ ಅಂತ ಓಟು ಕೇಳಿದವರಿಂದ."

"ಕಾಪಾಡು ಸ್ವಾಮಿ."

ಇಂಥ ಪುತ್ರನನ್ನು ಬದುಕಿದ್ದಾಗ ವೇದಿಕೆಯ ಹತ್ತಿರ ಸುಳಿಯಗೊಡದ ಕಚೇರಿ ಯಾವುದು? ಉಸಿರು ನಿಂತ ಮೇಲೆ ಹೆಮ್ಮೆ ಹುಟ್ಟಿತೆ? ನಿಮ್ಮ ಹೆಮ್ಮೆ ನಮಗೆ ಬೇಕಿರಲಿಲ್ಲ. ಅವನು ಹೋದ ಸುದ್ದಿ ಬಂದ ದಿನ ಬಸ್ಸಿನ ಡ್ರೈವರುಗಳು ರೇಡಿಯೊ ಆರಿಸಿ ಅವನ ಸಾಲು ಎತ್ತಿದರು, ಬಸ್ಸಿಗೆ ಬಸ್ಸೇ ಕಾಪಾಡು ಅಂದಿತು. ನನ್ನ ಪಕ್ಕದ ಕಟ್ಟೆಯಲ್ಲಿ ಬಾಳೆಕಾಯಿ ಮಾರುವವನು, ಹೆತ್ತಪ್ಪ ಸತ್ತಾಗಲೂ ಕಣ್ಣು ಒದ್ದೆ ಮಾಡಿಕೊಳ್ಳದವನು, ಅಂದು ಗೊನೆಗೆ ಹಣೆ ಹಚ್ಚಿ ಅತ್ತ. ಇದಕ್ಕಿಂತ ದೊಡ್ಡ ಶ್ರದ್ಧಾಂಜಲಿಯನ್ನು ನಿಮ್ಮ ಧ್ವನಿವರ್ಧಕ ಕೊಟ್ಟೀತೆ?

ನಮ್ಮಲ್ಲಿ ಸತ್ತವರಿಗೆ ಮನೆಯ ಮುಂಗೋಣೆಯಲ್ಲಿ ಒಂಬತ್ತು ದಿನ ಪೀಠ ಇಡುತ್ತೇವೆ. ಮೇಣದ ಬತ್ತಿ, ಒಂದು ಲೋಟ ನೀರು, ತೆರೆದ ಬಾಗಿಲು. ಒಂಬತ್ತನೆಯ ದಿನ ಪೀಠ ಎತ್ತಿದರೆ ಸತ್ತವನು ಹೊರಟ. ಎತ್ತುವ ತನಕ ಅವನು ಮನೆಯಲ್ಲೇ ಇದ್ದಾನೆ ಎಂದು ಲೆಕ್ಕ. ನಮ್ಮ ಮೇಳದ ಮುಂದಾಳಿಗೆ ಇನ್ನೂ ಒಂದು ಕಟ್ಟಳೆಯಿದೆ: ಅವನದೇ ಗಂಟೆ ಬಾರಿಸಿ ಕಳಿಸಬೇಕು. ಲಿಸಾಂದ್ರೊಗಿಂತ ಮೊದಲು ಮುಂದಾಳಾಗಿದ್ದ ಅವನಪ್ಪನನ್ನು ಹಾಗೇ ಕಳಿಸಿದ್ದೆವು, ಅದೇ ಗಂಟೆಯಿಂದ.

ಇದು ನಿಮಗೆ ತಿಳಿಯದ್ದಲ್ಲ. ನೀವು ಆ ಮನೆಗೆ ಬಂದಿರಿ. ಮಜ್ಜಿಗೆಹುಲ್ಲಿನ ಕಷಾಯ ಕುಡಿದಿರಿ, ಅಲಸಂದೆ ಬೋಂಡ ಬಾಯಿಗೆ ಹಾಕಿಕೊಂಡಿರಿ, ಡಾಮಿನೊ ಆಡುತ್ತಿದ್ದ ಮುದುಕರ ಪೋಲಿ ಮಾತಿಗೆ ಎಲ್ಲರಿಗಿಂತ ಜೋರಾಗಿ ನಕ್ಕಿರಿ. ಆಮೇಲೆ ಲಿಸಾಂದ್ರೊನ ಅಕ್ಕ ಎದಿಲ್ಮಾಳ ಪಕ್ಕ ಕೂತು ಅವಳ ಕೈ ಹಿಡಿದಿರಿ.

"ಅಮ್ಮಾ, ಗಂಟೆ ಬೇಕಿರೋದು ಶ್ರದ್ಧಾಂಜಲಿ ಸಭೆಗೆ ಅಷ್ಟೇ. ಒಂಬತ್ತನೇ ದಿನ ನಾನೇ ಕೈಯಾರೆ ತಂದುಕೊಡ್ತೀನಿ. ಲಿಸಾಂದ್ರೊ ನನಗೆ ಅಣ್ಣ ಇದ್ದ ಹಾಗೆ."

ನಾನು ಅವಳ ತೋಳು ಜಗ್ಗಿ, ಕೊಡಬೇಡ ಕಣೇ ಎಂದೆ. ಅವಳು ನನ್ನನ್ನೇ ಗದರಿದಳು.

"ಸುಮ್ನಿರೇ ಪ್ರೂದೆನ್ಸಿಯಾ. ಪೀಠದ ಮುಂದೆ ನಿಂತು ಯಾರಾದ್ರೂ ಸುಳ್ಳು ಹೇಳ್ತಾರಾ?"

ಹೇಳುತ್ತಾರೆ ಎಂದು ಈಗ ತಿಳಿಯಿತು. ನಮ್ಮ ಬೀದಿಯ ಕುಡುಕನೂ ಪೀಠದ ಮುಂದೆ ಬಾಯಿ ಬಿಗಿಹಿಡಿಯುತ್ತಾನೆ. ಓದಿದವರಿಗೆ ಆ ಹೆದರಿಕೆ ಇರುವುದಿಲ್ಲವೇನೋ.

ಒಂಬತ್ತನೆಯ ದಿನ ಬೀದಿ ತುಂಬ ಜನ. ನೀವು ಬರಲಿಲ್ಲ. ಹೇಳಿಯೂ ಕಳಿಸಲಿಲ್ಲ. ಕಾದು ಕಾದು ಸಾಕಾಗಿ ಐಸು ಮಾರುವ ಎಲಿಯೆಸೆರ್ ತನ್ನ ಗಾಡಿಯ ಗಂಟೆ ಬಿಚ್ಚಿ ತಂದ. ಬಾರಿಸಿಯೂ ಬಾರಿಸಿದ. ಎದಿಲ್ಮಾ ಕಿವಿಗೊಟ್ಟು ಕೇಳಿ, "ಇದನ್ನ ಕೇಳಿದ್ರೆ ನನ್ನ ತಮ್ಮ ಹೊರಡಲ್ಲ ಕಣಪ್ಪಾ, ಐಸು ಬೇಕು ಅಂತ ಕೂತೇಬಿಡ್ತಾನೆ" ಎಂದಳು. ಎಲ್ಲರೂ ನಕ್ಕರು. ನಕ್ಕು ಮುಗಿದ ಮೇಲೆ ಬತ್ತಿ ಆರಿಸಲು ಒಬ್ಬರ ಕೈಯೂ ಮೇಲೇಳಲಿಲ್ಲ.

ಪೀಠ ಇನ್ನೂ ಅಲ್ಲೇ ಇದೆ. ಎದಿಲ್ಮಾ ಬಾಗಿಲು ಹಾಕುವಂತಿಲ್ಲ, ಕುರ್ಚಿಯಲ್ಲೇ ನಿದ್ದೆ. ನದಿಯ ಗಾಳಿಗೆ ಕೆಮ್ಮು ಹಿಡಿದಿದೆ. ಬಾಗಿಲು ಹಾಕೇ ಮಾರಾಯ್ತಿ ಎಂದರೆ, ತಮ್ಮ ಒಳಗಿರುವಾಗ ಹೇಗೆ ಹಾಕಲಿ ಎನ್ನುತ್ತಾಳೆ. ಕಾರ್ನಿವಲ್ ಹತ್ತಿರ ಬಂತು. ಮುಂದಾಳು ಮನೆಯಲ್ಲೇ ಇರುವಾಗ ನಾವು ನಿಲುವಂಗಿ ಮುಟ್ಟುವುದಾದರೂ ಹೇಗೆ?

ಮೊನ್ನೆ ನಿಮ್ಮ ಸಭಾಂಗಣಕ್ಕೆ ಹೋಗಿದ್ದೆ. ಮೀನಿನ ವಾಸನೆ ಎಂದು ಕಾವಲುಗಾರ ಬಾಗಿಲಲ್ಲೇ ತಡೆದ. ವಾಸನೆ ಇರಲೇಬೇಕಲ್ಲ, ಮೀನು ಮಾರುವವಳು ಗುಲಾಬಿಯ ಹಾಗೆ ಕಮ್ಮಗಿರಬೇಕೆ? ಅವನನ್ನು ಸರಿಸಿ ಒಳಗೆ ಹೋದೆ. ಗಾಜಿನ ಪೆಟ್ಟಿಗೆ, ದೀಪ, ಕೆಳಗೆ ನಿಮ್ಮ ಹೆಸರಿನ ಫಲಕ. ಗಂಟೆಯ ಹೊಟ್ಟೆಯೊಳಗೆ ಹತ್ತಿ ತುರುಕಿದ್ದಾರೆ. ಇದೇನಪ್ಪ ಎಂದು ಹಿಂದೆಯೇ ಬಂದ ಕಾವಲುಗಾರನನ್ನು ಕೇಳಿದೆ. ಪೆಟ್ಟಿಗೆ ಒರೆಸುವಾಗ ಸದ್ದಾಗುತ್ತದಂತೆ, ಸಾಹೇಬರ ಸಭೆಗೆ ತೊಂದರೆಯಂತೆ.

ಅಲ್ಲ ಸ್ವಾಮಿ, ಬದುಕಿದ್ದಾಗ ಅವನ ಬಾಯಿ ಮುಚ್ಚಿಸಲು ನಿಮ್ಮಿಂದ ಆಗಲಿಲ್ಲ. ಅವನು ಸಾಯಲೆಂದು ಕಾದಿದ್ದಿರಾ?

ನನಗೆ ಸನ್ಮಾನ ಬೇಡ, ಫಲಕ ಬೇಡ, ವಿಷಾದ ವ್ಯಕ್ತಪಡಿಸುವ ಪ್ರಕಟಣೆಯಂತೂ ಬೇಡವೇ ಬೇಡ. ಹತ್ತಿ ತೆಗೆದು ಗಂಟೆಯನ್ನು ನೀವೇ ಕೈಯಾರೆ ಹಿಡಿದು ನಮ್ಮ ಸಾಬಾಲೊ ಬೀದಿಗೆ ಬನ್ನಿ. ಮಾತು ಕೊಟ್ಟ ಜಾಗದಲ್ಲೇ ನಿಂತು ಎದಿಲ್ಮಾಳ ಕೈಗೆ ಕೊಡಿ. ಅವಳು ಬಾರಿಸಲಿ, ಅವನು ಹೊರಡಲಿ, ಆ ಮುದುಕಿ ಬಾಗಿಲು ಹಾಕಿಕೊಂಡು ಮಲಗಲಿ. ತರುತ್ತೀರೋ ಇಲ್ಲವೋ? ಸಂತ ಸೆಬಾಸ್ಟಿಯನ್ನನ ಹಬ್ಬದೊಳಗೆ, ಜನವರಿ ಇಪ್ಪತ್ತರೊಳಗೆ, ಉತ್ತರ ಕೊಡಿ.

ಇಂತಿ,
ಸಾಲು ಎತ್ತುವವನಿಲ್ಲದೆ ಯಾರಿಗೆ 'ಕಾಪಾಡು' ಅನ್ನಬೇಕೋ ತಿಳಿಯದ
ಪ್ರೂದೆನ್ಸಿಯಾ ಬಾರಿಯೋಸ್
ಮೀನಿನ ಕಟ್ಟೆ, ಸಾಬಾಲೊ ಬೀದಿ